ಅಯ್ಯೋ ಬೆಂಚು

"ಸಾರಿ ಕೇಳ್ತೀಯಾ, ಇಲ್ಲಾ ಬ್ಯಾಗ್ ಎತ್ಕೊಂಡು ಹಿಂದಕ್ಕೆ ಹೋಗ್ತೀಯಾ?"

ಇಂಗ್ಲಿಷ್ ಮಿಸ್ ಹೀಗೆ ಕೇಳಿದಾಗ ಇಡೀ ಕ್ಲಾಸು ಉಸಿರು ಬಿಗಿಹಿಡಿದು ಕೂತಿತ್ತು. ಗುಂಗುರಿ ಮಿಸ್ ಮುಖ ನೋಡಿದಳು. ನೆಲ ನೋಡಿದಳು. ಆಮೇಲೆ ಬಗ್ಗಿ ಬ್ಯಾಗ್ ಎತ್ತಿಕೊಂಡಳು.

"ಅಂದ್ರೆ ಸಾರಿ ಕೇಳಲ್ಲ?"

"ತಪ್ಪು ಮಾಡಿದ್ರೆ ಕೇಳ್ತಿದ್ದೆ ಮಿಸ್."

ಯಾರೋ ಮೆಲ್ಲಗೆ "ಅಬ್ಬಾ!" ಎಂದರು. ಗುಂಗುರಿ ಬೆಂಚುಗಳ ನಡುವೆ ತಲೆ ಎತ್ತಿಕೊಂಡೇ ನಡೆದಳು. ಅಷ್ಟರಲ್ಲಿ ಬ್ಯಾಗಿನ ಪಟ್ಟಿ ಒಂದು ಡೆಸ್ಕಿನ ಮೂಲೆಗೆ ಸಿಕ್ಕಿಕೊಂಡಿತು. ತಲೆ ಎತ್ತಿಕೊಂಡು ಹೋಗುವವರಿಗೆ ಹೀಗೆಲ್ಲ ಆಗಬಾರದು. ಆದರೆ ಆಗುವುದು ಅವರಿಗೇ. ಅವಳು ಪಟ್ಟಿಯನ್ನು ಜಗ್ಗಿ ಬಿಡಿಸಿಕೊಂಡು ಮುಂದೆ ಹೋದಳು.

ಅವಳ ತಲೆ ತುಂಬ ಗುಂಗುರು ಕೂದಲು. ಬಾಚಲು ಹೋದರೆ ಬಾಚಣಿಗೆಯ ಹಲ್ಲೇ ಮುರಿಯುತ್ತಿತ್ತು. ಅದಕ್ಕೇ ಮನೆಯಲ್ಲಿ, ಶಾಲೆಯಲ್ಲಿ ಎಲ್ಲರಿಗೂ ಅವಳು ಗುಂಗುರಿ. "ಇವಳ ಮಾತೂ ಕೂದಲಿನ ಹಾಗೇ. ಎಷ್ಟು ಅದುಮಿದ್ರೂ ಎದ್ದು ನಿಲ್ಲುತ್ತೆ" ಎನ್ನುತ್ತಿದ್ದಳು ಅವಳ ಅಮ್ಮ.

ಇವತ್ತು ಎದ್ದು ನಿಂತ ಮಾತಿಗೆ ಕಾರಣ ಇತ್ತು.

ಆ ಕ್ಲಾಸಿನಲ್ಲಿ ಇದ್ದದ್ದು ಎಂಟು ಬೆಂಚು. ಇಂಗ್ಲಿಷ್ ಗ್ರಾಮರಿನಲ್ಲಿ ಇರುವುದು ಎಂಟು ಪಾರ್ಟ್ಸ್ ಆಫ್ ಸ್ಪೀಚ್. ಇದು ಕಣ್ಣಿಗೆ ಬಿದ್ದ ದಿನವೇ ಹೊಸ ಮಿಸ್‌ಗೆ ಐಡಿಯಾ ಹೊಳೆದಿತ್ತು. ಅವರು ಮನೆಯಲ್ಲಿ ಕೂತು ಬಣ್ಣಬಣ್ಣದ ಕಾರ್ಡುಗಳನ್ನು ಕತ್ತರಿಸಿ ತಂದರು. ಮೊದಲ ಬೆಂಚಿಗೆ ನೌನ್. ಎರಡನೆಯದಕ್ಕೆ ಪ್ರೊನೌನ್. ಆಮೇಲೆ ವರ್ಬ್, ಅಡ್ಜೆಕ್ಟಿವ್, ಅಡ್ವರ್ಬ್, ಪ್ರೆಪೊಸಿಷನ್, ಕಂಜಂಕ್ಷನ್. ಕೊನೆಯ ಬೆಂಚಿಗೆ ಇಂಟರ್ಜೆಕ್ಷನ್.

ಕಾರ್ಡುಗಳೇನೋ ಚೆನ್ನಾಗಿದ್ದವು. ಮಿಸ್ ಒಂದು ಇಂಗ್ಲಿಷ್ ವಾಕ್ಯ ಕೊಡುತ್ತಿದ್ದರು. ಯಾವ ಬೆಂಚಿನ ಪದ ಬಂತೋ ಆ ಬೆಂಚಿನವರು ಎದ್ದು ನಿಂತು ಅದನ್ನು ಹೇಳಬೇಕು. ಎದ್ದು, ಕೂತು, ಎದ್ದು, ಕೂತು ವಾಕ್ಯ ಮುಗಿಯುವಷ್ಟರಲ್ಲಿ ಕ್ಲಾಸು ಕುಣಿದ ಹಾಗಿರುತ್ತಿತ್ತು. ಮಕ್ಕಳಿಗೆ ಭಾರಿ ಇಷ್ಟ.

ತಕರಾರು ಇದ್ದದ್ದು ಬೇರೆ ಕಡೆ. ಪ್ರತಿ ಸೋಮವಾರ ಟೆಸ್ಟು. ಜಾಸ್ತಿ ಮಾರ್ಕ್ಸ್ ಬಂದವರು ಮುಂದಿನ ಬೆಂಚು. ಕಡಿಮೆ ಬಂದವರು ಹಿಂದೆ, ಇನ್ನೂ ಹಿಂದೆ. ಎಲ್ಲರಿಗಿಂತ ಹಿಂದೆ ಇಂಟರ್ಜೆಕ್ಷನ್. "ಇಂಟರ್ಜೆಕ್ಷನ್ ಅಂದ್ರೆ ಅಯ್ಯೋ, ಅಬ್ಬಾ, ಭಲೇ ಅಂತ ಕೂಗೋದು, ಅಷ್ಟೆ" ಎಂದು ಮಿಸ್ ಹೇಳಿದ್ದೇ ತಡ, ಆ ಬೆಂಚಿಗೆ ಹೆಸರು ಬಿದ್ದುಹೋಯಿತು. ಅಯ್ಯೋ ಬೆಂಚು.

ಆ ಬೆಂಚಿನಲ್ಲಿ ಇದ್ದವರು ಇಬ್ಬರು. ಒಬ್ಬ ಉದ್ದಣ್ಣ. ಕ್ಲಾಸಿನಲ್ಲೇ ಎತ್ತರ. ಅವನ ಅಮ್ಮನಿಗೆ ಆಸ್ಪತ್ರೆಯಲ್ಲಿ ಕೆಲಸ, ಪದೇ ಪದೇ ವರ್ಗ. ಅಮ್ಮನ ಜೊತೆ ಶಾಲೆಯಿಂದ ಶಾಲೆಗೆ ಬಂದು ಬಂದು ಅವನ ಇಂಗ್ಲಿಷ್ ಪಾಠ ಎಲ್ಲೆಲ್ಲೋ ಕಳೆದುಹೋಗಿತ್ತು. ಇನ್ನೊಬ್ಬಳು ಪಿಸುಮಾತಿ. ಪಕ್ಕದಲ್ಲಿ ಕೂತವರಿಗೂ ಅವಳ ಮಾತು ಕೇಳಿಸುತ್ತಿರಲಿಲ್ಲ. ಅಂಥವಳನ್ನು ತಂದು ಕೂಗುವ ಬೆಂಚಿನಲ್ಲಿ ಕೂರಿಸಿದ್ದರು.

ಇವತ್ತು ಮಿಸ್ ಉದ್ದಣ್ಣನನ್ನು ಎಬ್ಬಿಸಿ, "'ಹ್ಯಾಪಿ' ಯಾವ ಪಾರ್ಟ್ ಆಫ್ ಸ್ಪೀಚ್?" ಎಂದು ಕೇಳಿದ್ದರು. ಉದ್ದಣ್ಣ "ವರ್ಬ್" ಎಂದ. ಮಿಸ್‌ಗೆ ಗಂಟಲು ಕಟ್ಟಿತ್ತು. ಬೆಳಗಿನಿಂದ ಫ್ಲಾಸ್ಕಿನ ಬಿಸಿನೀರು ಕುಡಿದು ಕುಡಿದು ಸಾಕಾಗಿತ್ತು. "ನಿಮ್ಮ ಬೆಂಚಿಗೆ ಅದೆಲ್ಲ ಯಾಕಪ್ಪ? ನೀವು ಅಯ್ಯೋ ಅಂದ್ರೆ ಸಾಕು, ಕೂತ್ಕೋ" ಎಂದುಬಿಟ್ಟರು.

ಕ್ಲಾಸು ಘೊಳ್ಳೆಂದು ನಕ್ಕಿತು. ವರ್ಬ್ ಬೆಂಚಿನಿಂದ ಗುಂಗುರಿ ಚಂಗನೆ ಎದ್ದಳು.

"ಹಾಗೆ ಹೇಳಬಾರದು ಮಿಸ್! ಕೊನೇ ಬೆಂಚಿನವರಿಗೆ ನೀವು ಏನೂ ಹೇಳ್ಕೊಡಲ್ಲ. ಬರೀ ಕೂಗಿಸ್ತೀರಾ!"

ಹೀಗೆ ಶುರುವಾದದ್ದು ಬ್ಯಾಗ್ ಎತ್ತಿಕೊಳ್ಳುವಲ್ಲಿಗೆ ಬಂದು ಮುಟ್ಟಿತು.

"ಸಾರಿ ಕೇಳೋವರೆಗೂ ಅಲ್ಲೇ ನಿನ್ನ ಜಾಗ" ಎಂದರು ಮಿಸ್. "ನೆನಪಿರಲಿ, ಶನಿವಾರ ಪೇರೆಂಟ್ಸ್ ಡೇ. ಮನೆಯಿಂದ ಬಂದವರು ಮಕ್ಕಳ ಪಕ್ಕದಲ್ಲೇ ಕೂರೋದು."

ಈ ಮಾತು ಮಾತ್ರ ಗುಂಗುರಿಯ ನಡಿಗೆಯನ್ನು ಅರ್ಧಕ್ಕೇ ನಿಲ್ಲಿಸಿತು. ಮನೆಯಿಂದ ಬರುವವನು ಅಪ್ಪ. ಎಲ್ಲರ ಕಣ್ಣೆದುರು ಅಪ್ಪ ಅಯ್ಯೋ ಬೆಂಚಿನಲ್ಲಿ!

ಅವಳು ಬಂದು ಧೊಪ್ಪನೆ ಕೂತಳು. ಉದ್ದಣ್ಣ ಸರಿದು ಜಾಗ ಕೊಟ್ಟ. ಥ್ಯಾಂಕ್ಸ್ ಹೇಳಲಿಲ್ಲ.

"ನಿನಗೋಸ್ಕರ ಬಂದೆ ಕಣೋ" ಎಂದಳು ಗುಂಗುರಿ.

"ನಾನು ಕರೆದ್ನಾ?" ಎಂದ ಉದ್ದಣ್ಣ.

* * *

ಕೊನೆಯ ಬೆಂಚಿನಿಂದ ಬೋರ್ಡು ಅರ್ಧ ಕಾಣುತ್ತಿತ್ತು, ಇನ್ನರ್ಧ ಬರೀ ಹೊಳೆಯುತ್ತಿತ್ತು. ಮಿಸ್ ಮಾತು ಫ್ಯಾನಿನ ಸದ್ದಿನಲ್ಲಿ ತುಂಡು ತುಂಡಾಗಿ ಬರುತ್ತಿತ್ತು. ಬೆಂಚಿನ ಒಂದು ಕಾಲು ಗಿಡ್ಡ. ಯಾರು ಅಲುಗಾಡಿದರೂ ಮೂವರೂ ತೂಗಬೇಕು.

"ನಾನು ಹೇಳ್ಕೊಡ್ತೀನಿ ಇರಿ" ಎಂದಳು ಗುಂಗುರಿ, ಊಟದ ಬಿಡುವಿನಲ್ಲಿ. "ಈಸಿ ಇದೆ. ನೌನ್ ಅಂದ್ರೆ ಹೆಸರು. ಪ್ರೊನೌನ್ ಅಂದ್ರೆ ಹೆಸರಿನ ಬದಲಿಗೆ ಬರೋದು. ವರ್ಬ್ ಅಂದ್ರೆ ಕೆಲಸ. ಅಡ್ಜೆಕ್ಟಿವ್ ಅಂದ್ರೆ ನೌನ್ ಎಂಥದ್ದು ಅಂತ ಹೇಳೋದು. ಅಡ್ವರ್ಬ್ ಅಂದ್ರೆ ಕೆಲಸ ಹೇಗೆ ಆಯ್ತು ಅಂತ ಹೇಳೋದು."

ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಅವಳಿಗೆ ಇದು ಬರುತ್ತಿತ್ತು. ಉದ್ದಣ್ಣ ಕೈಯಲ್ಲಿದ್ದ ತುತ್ತನ್ನು ಅಲ್ಲೇ ನಿಲ್ಲಿಸಿ ಯೋಚಿಸಿದ.

"ವರ್ಬ್ ಅಂದ್ರೆ ಕೆಲಸ?"

"ಹೂಂ."

"ಇಂಗ್ಲಿಷಲ್ಲಿ ಕೆಲಸಕ್ಕೆ ವರ್ಕ್ ಅಂತಾರೆ. ಅದು ಕೆಲಸದ ಹೆಸರು. ಹೆಸರು ಅಂದ್ರೆ ನೌನ್ ಅಲ್ವಾ? ಹಾಗಾದ್ರೆ ವರ್ಕ್ ನೌನಾ, ವರ್ಬಾ?"

ಗುಂಗುರಿ ಬಾಯಿ ತೆರೆದಳು. ಮುಚ್ಚಿದಳು. ಮತ್ತೆ ತೆರೆದಳು.

"ಮೊದಲು ಊಟ ಮಾಡು. ತಣ್ಣಗಾಗುತ್ತೆ" ಎಂದಳು.

ಪಿಸುಮಾತಿ ಕಿವಿಯ ಹತ್ತಿರ ಬಂದು, "ನಿಂಗೂ ಗೊತ್ತಿಲ್ಲ" ಎಂದಳು. ಅದು ಮಾತ್ರ ಚೆನ್ನಾಗಿ ಕೇಳಿಸಿತು.

* * *

ಗುಂಗುರಿಯ ಅಪ್ಪ ಬೇಕರಿಯಲ್ಲಿ ಓವನ್ ನೋಡಿಕೊಳ್ಳುತ್ತಿದ್ದ. ಅಮ್ಮನದು ಅಲ್ಲೇ ಬ್ರೆಡ್ ಪ್ಯಾಕ್ ಮಾಡುವ ಕೆಲಸ. ಅವರ ಮನೆ ಬೇಕರಿಯ ಮೇಲೆಯೇ ಎರಡು ಕೋಣೆ. ಶಾಲೆ ಬಿಟ್ಟ ಮೇಲೆ ಗುಂಗುರಿ ಹಿಂದಿನ ಬಾಗಿಲಿನಿಂದ ಬಂದು ಮೈದಾ ಮೂಟೆಯ ಮೇಲೆ ಕೂತು ಹೋಮ್‌ವರ್ಕ್ ಮಾಡುತ್ತಿದ್ದಳು. ಅವಳ ಎಲ್ಲ ಪುಸ್ತಕಗಳಿಗೂ ಬನ್ನಿನ ವಾಸನೆ.

ಆ ಜಾಗಕ್ಕೆ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ಓವನ್‌ನಿಂದ ಟ್ರೇ ಎಳೆದವರು "ಬಿಸಿ!" ಎಂದು ಕೂಗಲೇಬೇಕು. ಕೂಗಿದ ತಕ್ಷಣ ದಾರಿಯಲ್ಲಿದ್ದವರು ಗೋಡೆಗೆ ಒತ್ತಿಕೊಂಡು ನಿಲ್ಲಬೇಕು, ಮಾಲೀಕರೇ ಆದರೂ ಸರಿ. ಮಿಕ್ಸರ್ ಯಂತ್ರ ಗುಡುಗುವ ಸದ್ದಿನಲ್ಲಿ ಕೂಗಿ ಕೂಗಿ ಅಪ್ಪನ ಗಂಟಲು ಕಹಳೆಯಾಗಿತ್ತು. ಮನೆಯಲ್ಲಿ ಉಪ್ಪು ಕೇಳಿದರೂ ಪಕ್ಕದ ಬೀದಿಗೆ ಕೇಳಿಸುತ್ತಿತ್ತು.

"ಬಿಸೀ!"

ಗುಂಗುರಿ ಮೂಟೆಯ ಮೇಲೆ ಕಾಲು ಮಡಚಿಕೊಂಡಳು. ಅಪ್ಪ ಟ್ರೇ ಹಿಡಿದು ಗಾಳಿಯ ಹಾಗೆ ದಾಟಿಹೋದ. ಆಚೆ ಮೇಜಿನ ಹತ್ತಿರ ಅಮ್ಮ ತೋಳಿನ ಬಟ್ಟೆ ಮೇಲೇರಿಸಿ ಹಿಟ್ಟು ನಾದುತ್ತಿದ್ದಳು.

"ಅಮ್ಮ, ನೀನ್ಯಾಕೆ ನಾದ್ತಿದ್ದೀಯಾ? ನಾದೋ ಮಾಮ ಎಲ್ಲಿ?"

"ಅವನಿಗೆ ಜ್ವರ. ಇವತ್ತು ನಾನೇ ನಾದೋ ಮಾಮ."

"ಪ್ಯಾಕಿಂಗ್ ಯಾರು?"

"ಓವನ್ ಬಾಗಿಲು ಮುಚ್ಚಿದ ಮೇಲೆ ನಿಮ್ಮಪ್ಪ. ಇಲ್ಲಿ ಯಾರಿಗೂ ಹಣೆ ಮೇಲೆ ಬರೆದಿಲ್ಲ, ಇವರು ಇಂಥದ್ದೇ ಮಾಡ್ಬೇಕು ಅಂತ. ಆ ಉಪ್ಪಿನ ಡಬ್ಬ ಕೊಡು."

ಗುಂಗುರಿ ಡಬ್ಬ ಕೊಟ್ಟಳು. ಕೊಟ್ಟು ಅಲ್ಲೇ ನಿಂತಳು. ಅವಳ ತಲೆಯೊಳಗೆ ಮಧ್ಯಾಹ್ನದಿಂದ ಸಿಕ್ಕಿಕೊಂಡಿದ್ದ ಏನೋ ಒಂದು ಮೆಲ್ಲಗೆ ಅಲುಗಿತು. 'ಐ ವರ್ಕ್ ಇನ್ ಎ ಬೇಕರಿ.' ಇಲ್ಲಿ ವರ್ಕ್ ಎನ್ನುವುದು ದುಡಿಯುತ್ತಿದೆ. ಅದು ವರ್ಬ್. 'ಮೈ ವರ್ಕ್ ಈಸ್ ಹಾರ್ಡ್.' ಇಲ್ಲಿ ಅದೇ ವರ್ಕ್ ಒಂದು ಹೆಸರಾಗಿ ಕೂತಿದೆ. ಅದು ನೌನ್. ಪದದ ಮುಖ ನೋಡಿದರೆ ಗೊತ್ತಾಗುವುದಿಲ್ಲ. ಆ ವಾಕ್ಯದಲ್ಲಿ ಅದು ಏನು ಮಾಡುತ್ತಿದೆ ಎಂದು ನೋಡಬೇಕು. ಇಷ್ಟು ದಿನ ಗಿಳಿಪಾಠ ಒಪ್ಪಿಸುತ್ತಿದ್ದೆನಲ್ಲ ಎಂದು ಅವಳಿಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು.

"ಮಗಳೇ!" ಅಪ್ಪ ಓವನ್ ಬಾಗಿಲ ಹತ್ತಿರದಿಂದ ಕೂಗಿದ. "ಫೋನಲ್ಲಿ ನಿಮ್ಮ ಸ್ಕೂಲ್ ಮೆಸೇಜ್ ಬಂದಿದೆ! ಶನಿವಾರ ನಾನು ಬರ್ತೀನಿ!"

ಗುಂಗುರಿಯ ಖುಷಿ ಅರ್ಧಕ್ಕೇ ಇಳಿಯಿತು.

"ನೀನು ಬರಬೇಡಪ್ಪ. ಓವನ್ ಯಾರು ನೋಡ್ಕೋತಾರೆ?"

"ಓವನ್ ಏನು ಗೋಡೆ ಹಾರಿ ಓಡಿಹೋಗುತ್ತಾ?"

"ಅಲ್ಲಿ ಎಲ್ಲಾ ಇಂಗ್ಲಿಷಲ್ಲೇ ಇರುತ್ತೆ. ನಿಂಗೆ ಬೋರಾಗುತ್ತೆ."

"ನೀನು ಇಂಗ್ಲಿಷ್ ಮಾತಾಡೋದನ್ನ ನೋಡ್ಬೇಕು ಅಂತಾನೇ ಬರ್ತಿರೋದು" ಎಂದ ಅಪ್ಪ. "ಬಿಳಿ ಶರ್ಟ್ ಇಸ್ತ್ರಿಗೆ ಕೊಟ್ಟಾಯ್ತು."

ಅಮ್ಮ ಹಿಟ್ಟಿನಿಂದ ಕಣ್ಣೆತ್ತಿ ಮಗಳನ್ನೇ ನೋಡಿದಳು. "ಏನು ಮಾಡ್ಕೊಂಡು ಬಂದಿದ್ದೀಯಾ?"

"ಏನಿಲ್ಲ."

"ಮಾತು ಬಲ್ಲವನಿಗೆ ಜಗಳ ಇಲ್ಲ ಅಂತಾರೆ. ನನ್ನ ಮಗಳಿಗೆ ಮಾತು ಬಂದಷ್ಟೂ ಜಗಳ ಜಾಸ್ತಿ" ಎಂದು ಅಮ್ಮ ಮತ್ತೆ ನಾದತೊಡಗಿದಳು.

ನಾಳೆ ಹೋಗಿ ಸಾರಿ ಕೇಳಿದರೆ ಮುಗಿಯಿತು. ವರ್ಬ್ ಬೆಂಚು ವಾಪಸ್ಸು. ಅಪ್ಪನ ಬಿಳಿ ಶರ್ಟು ಮುಂದಿನ ಸಾಲಿನಲ್ಲಿ. ಗುಂಗುರಿ ಬಾಯೊಳಗೇ ಒಮ್ಮೆ ಸಾರಿ ಎಂದು ನೋಡಿದಳು. ಹಾಗಲಕಾಯಿ ಕಚ್ಚಿದ ಹಾಗಾಯಿತು. ಇಲ್ಲ, ಆಗುವುದಿಲ್ಲ. ತಪ್ಪು ಮಾಡಿದ್ದರೆ ತಾನೇ?

* * *

ಆ ವಾರ ಅಯ್ಯೋ ಬೆಂಚಿನಲ್ಲಿ ಭರ್ಜರಿ ಪಾಠ ನಡೆಯಿತು. ಊಟದ ಬಿಡುವಿನಲ್ಲಿ ಒಬ್ಬರು ವಾಕ್ಯ ಹೇಳಬೇಕು. ಇನ್ನೊಬ್ಬರು ಅದರಿಂದ ಒಂದು ಪದ ಕದಿಯಬೇಕು. ಏನು ಹಾಳಾಯಿತು ಎಂದು ಮೂರನೆಯವರು ಹೇಳಬೇಕು.

'ದ ಕ್ಯಾಟ್ ಸ್ಲೀಪ್ಸ್ ಅಂಡರ್ ದ ಟೇಬಲ್.' ಅಂಡರ್ ಕದ್ದರೆ? ಬೆಕ್ಕು ಎಲ್ಲಿ ಮಲಗಿದೆಯೋ ಗೊತ್ತಾಗುವುದಿಲ್ಲ, ಮೇಜಿನ ಕೆಳಗೋ, ಮೇಲೋ. "ಹಾಗಾದ್ರೆ ಪ್ರೆಪೊಸಿಷನ್ ಇರೋದು ಜಾಗ ತೋರ್ಸೋಕೆ" ಎಂದ ಉದ್ದಣ್ಣ. ಸ್ಲೀಪ್ಸ್ ಕದ್ದರೆ? "ಬೆಕ್ಕು ಏನೂ ಮಾಡ್ತಿಲ್ಲ. ಸುಮ್ನೆ ಗಾಳಿಯಲ್ಲಿ ನೇತಾಡ್ತಿದೆ" ಎಂದಳು ಪಿಸುಮಾತಿ. ಇನ್ನೊಂದು ವಾಕ್ಯದಿಂದ ಆಂಡ್ ಎನ್ನುವುದನ್ನು ಕದ್ದರೆ ಜೋಡಿ ಕಿತ್ತುಹೋಗುತ್ತಿತ್ತು. ಅದು ಕಂಜಂಕ್ಷನ್.

ಉದ್ದಣ್ಣ ನಿಧಾನ. ಒಂದೊಂದು ಉತ್ತರಕ್ಕೂ ಕತ್ತು ಓರೆ ಮಾಡಿ ಮೇಲೆ ಫ್ಯಾನ್ ನೋಡುತ್ತಿದ್ದ. ಗುಂಗುರಿಗೆ ತಡೆಯಲಾಗುತ್ತಿರಲಿಲ್ಲ. ಅವನು ಬಾಯಿ ತೆರೆಯುವ ಮೊದಲೇ ತಾನೇ ಉತ್ತರ ಹೇಳಿಬಿಡುತ್ತಿದ್ದಳು. ಅವನು ಮತ್ತೆ ಫ್ಯಾನ್ ನೋಡುತ್ತಿದ್ದ.

ಶುಕ್ರವಾರ ಗುಂಗುರಿ ತನ್ನ ಪ್ಲಾನ್ ಹೇಳಿದಳು.

"ನಾಳೆ ಮಿಸ್ ಎಲ್ಲರ ಎದುರು ವಾಕ್ಯದ ಆಟ ಆಡಿಸ್ತಾರೆ. ನಮ್ಮ ಸರದಿ ಬಂದಾಗ ನಾವು ಕೂಗಬಾರದು. ಮೂರೂ ಜನ ಗಪ್‌ಚುಪ್. ಆಗ ಮಿಸ್ ಯಾಕೆ ಅಂತ ಕೇಳ್ತಾರೆ. ನಮಗೆ ಇಡೀ ವಾಕ್ಯ ಬರುತ್ತೆ ಅಂತ ತೋರ್ಸೋಣ."

"ಬೈದ್ರೆ?" ಎಂದಳು ಪಿಸುಮಾತಿ.

"ಬೈದ್ರೆ ಬೈಸ್ಕೊಳ್ಳೋದು. ಇದಕ್ಕಿಂತ ಹಿಂದಿನ ಬೆಂಚು ಎಲ್ಲಿದೆ ಹಾಕೋಕೆ?"

ಉದ್ದಣ್ಣ ಮೊದಲ ಸಲ ಜೋರಾಗಿ ನಕ್ಕ. ಬೆಂಚು ತೂಗಿತು.

* * *

ಶನಿವಾರ ಅಪ್ಪ ಬಿಳಿ ಶರ್ಟ್ ಹಾಕಿಕೊಂಡು, ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು ಬಂದ. ಕಿವಿಯ ಹಿಂದೆ ಸ್ವಲ್ಪ ಮೈದಾ ಹಾಗೇ ಉಳಿದಿತ್ತು. ಮುಂದಿನ ಬೆಂಚುಗಳ ಅಪ್ಪ ಅಮ್ಮಂದಿರು ಒಬ್ಬರಿಗೊಬ್ಬರು ನಮಸ್ಕಾರ ಹೇಳುತ್ತಿದ್ದರು. ಅಪ್ಪ ಅವರನ್ನೆಲ್ಲ ದಾಟಿ, ಕಾರ್ಡುಗಳನ್ನು ನೋಡುತ್ತಾ, ಹಿಂದೆ ಹಿಂದೆ ಬಂದ. ಕೊನೆಗೆ ಮೊಣಕಾಲು ಮಡಚಿ ಅಯ್ಯೋ ಬೆಂಚಿನೊಳಗೆ ತೂರಿಕೊಂಡ. ಆಚೆ ತುದಿಯಲ್ಲಿ ಉದ್ದಣ್ಣನ ಅಮ್ಮ ಕೂತಿದ್ದರು. ಡ್ಯೂಟಿ ಮುಗಿಸಿ ನೇರವಾಗಿ ಬಂದಿದ್ದರು. ಕಣ್ಣಲ್ಲಿ ನಿದ್ದೆ, ಮುಖದಲ್ಲಿ ನಗು.

ಮೊದಲ ಬೆಂಚಿನಿಂದ ಒಬ್ಬ ಹುಡುಗ ತಿರುಗಿ ನೋಡಿ, ಪಕ್ಕದವನ ಕಿವಿಯಲ್ಲಿ ಏನೋ ಹೇಳಿ ಕಿಸಕ್ಕನೆ ನಕ್ಕ. ಗುಂಗುರಿಯ ಕಿವಿ ಬಿಸಿಯಾಯಿತು.

"ನಿನ್ನ ಜಾಗ ಇದೇನಾ?" ಎಂದು ಅಪ್ಪ ಕೇಳಿದ. ಅಪ್ಪನ ಪ್ರಕಾರ ಅದು ಮೆಲುದನಿ.

"ಇಲ್ಲಪ್ಪ!" ಗುಂಗುರಿಯ ಬಾಯಿಂದ ಮಾತು ಹಾರಿಬಂತು. "ನಾನು ಈ ಬೆಂಚಿನವಳಲ್ಲ. ಇದು ದಡ್ಡರ ಬೆಂಚು. ನಂದು ವರ್ಬ್ ಬೆಂಚು, ಅಲ್ಲಿ ಮುಂದೆ. ನನ್ನನ್ನ ಸುಮ್ನೆ ನಾಲ್ಕು ದಿನ ಇಲ್ಲಿ ಹಾಕಿದ್ದಾರೆ ಅಷ್ಟೆ."

ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ಪಕ್ಕದಲ್ಲಿ ಉದ್ದಣ್ಣ ಅವಳ ಕಡೆ ತಿರುಗಲಿಲ್ಲ. ತನ್ನ ಪೆನ್ಸಿಲ್ ಬಾಕ್ಸನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡ. ಅವನ ಅಮ್ಮನ ಮುಖದ ನಗು ಎಲ್ಲಿ ಹೋಯಿತೋ. ಕೇಳಿಸಿತೇ? ಕೇಳಿಸಿರಲಾರದು ಎಂದು ಗುಂಗುರಿ ತನಗೆ ತಾನೇ ಹೇಳಿಕೊಂಡಳು.

ಅಷ್ಟರಲ್ಲಿ ಮಿಸ್ ಚಪ್ಪಾಳೆ ತಟ್ಟಿದರು. ಹೊಸ ಸೀರೆ, ಹೊಸ ಕಾರ್ಡು. ಹಿಂದಿನ ಗೋಡೆಗೆ ಒರಗಿ ಹೆಡ್‌ಮಾಸ್ಟರ್ ನಿಂತಿದ್ದರು. ಮಿಸ್ ಬೋರ್ಡಿನ ಮೇಲೆ ವಾಕ್ಯ ಬರೆದು ಗಟ್ಟಿಯಾಗಿ ಓದಿದರು. 'ಹುರ್ರಾ! ಸ್ಮಾಲ್ ಚಿಲ್ಡ್ರನ್ ಆಂಡ್ ಐ ರ್‍ಯಾನ್ ಕ್ವಿಕ್ಲಿ ಟು ಸ್ಕೂಲ್.'

"ನೋಡಿ, ಇದರಲ್ಲಿ ಎಂಟೂ ಪಾರ್ಟ್ಸ್ ಆಫ್ ಸ್ಪೀಚ್ ಇದೆ. ಎಂಟೂ ಬೆಂಚು ಸೇರಿ ಇದನ್ನ ಹೇಳ್ತಾವೆ" ಎಂದು ಬಂದವರಿಗೆಲ್ಲ ಹೇಳಿ, ಕೊನೆಯ ಬೆಂಚಿನ ಕಡೆ ಕೈ ತೋರಿಸಿದರು. ಹುರ್ರಾ ಮೊದಲ ಪದ. ಅಯ್ಯೋ ಬೆಂಚು ಶುರು ಮಾಡಿದರೆ ಮಾತ್ರ ಉಳಿದವರ ಸರದಿ.

ಮೂವರೂ ಗಪ್‌ಚುಪ್.

ಮಿಸ್ ಮತ್ತೆ ಕೈ ತೋರಿಸಿದರು. ನಗು ಹಾಗೇ ಇತ್ತು, ಕಣ್ಣು ಮಾತ್ರ ದೊಡ್ಡದಾಯಿತು. ಅಡ್ಜೆಕ್ಟಿವ್ ಬೆಂಚಿನವರು ಏಳಲೋ ಬೇಡವೋ ಎಂದು ಅರ್ಧ ಎದ್ದು ನಿಂತರು. ಗುಂಗುರಿ ಮಿಸ್ ಮುಖವನ್ನೇ ನೋಡುತ್ತಿದ್ದಳು. ಇನ್ನೊಂದು ಕ್ಷಣ, ಮಿಸ್ ಯಾಕೆ ಎಂದು ಕೇಳೇ ಕೇಳುತ್ತಾರೆ.

"ಹುರ್ರಾ!"

ಕಿಟಕಿಯ ಗಾಜು ಅದುರಿತು. ನೌನ್ ಬೆಂಚಿನ ಹುಡುಗನ ಕೈಯಿಂದ ಕಾರ್ಡು ಬಿತ್ತು. ಯಾರೋ ಒಬ್ಬ ತಂದೆ ಎದ್ದೇ ಬಿಟ್ಟರು. ಕೂಗಿದವನು ಅಪ್ಪ! ಓವನ್ ಬಾಗಿಲಿನ ಎದುರು ಕೂಗುವ ಅದೇ ಗಂಟಲು.

"ಮಕ್ಕಳು ಹೆದರಿ ಮರೆತುಬಿಟ್ರು ಅನ್ಸುತ್ತೆ ಮೇಡಂ" ಎಂದ ಅಪ್ಪ, ಬೆವರು ಒರೆಸಿಕೊಂಡು. "ಮೊದಲು ಕೂಗೋರು ಕೂಗದೇ ಇದ್ರೆ ಹಿಂದೆ ಬರೋರಿಗೆ ಕಷ್ಟ. ಸಾಕಾ, ಇನ್ನೊಂದ್ಸಲ ಹೇಳ್ಲಾ?"

ಕ್ಲಾಸಿಗೆ ಕ್ಲಾಸೇ ನಕ್ಕಿತು. ಹೆಡ್‌ಮಾಸ್ಟರ್ ಹೊಟ್ಟೆ ಹಿಡಿದುಕೊಂಡರು. ಮಿಸ್ ಕೂಡ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಅಪ್ಪನೂ ಎಲ್ಲರ ಜೊತೆ ನಗುತ್ತಿದ್ದ. ಆ ಬೆಂಚಿನಲ್ಲಿ ಕೂತದ್ದಕ್ಕೆ ಅವನಿಗೆ ಒಂದಿಷ್ಟೂ ಬೇಜಾರಿರಲಿಲ್ಲ. ನಾಚಿಕೆಯಿಂದ ಸಾಯುತ್ತಿದ್ದವಳು ಗುಂಗುರಿ ಒಬ್ಬಳೇ.

ಅವಳು ತಡೆಯಲಾರದೆ ಎದ್ದು ನಿಂತಳು.

"ಮರೆತಿಲ್ಲ ಮಿಸ್! ನಾವು ಬೇಕು ಅಂತಾನೇ ಕೂಗಲಿಲ್ಲ."

ನಗು ನಿಂತಿತು.

"ಈ ಬೆಂಚಿಗೆ ಕೂಗೋದು ಒಂದೇ ಬರೋದಲ್ಲ. ಇಡೀ ವಾಕ್ಯ ಬರುತ್ತೆ. ಯಾವ ಪದ ಏನು ಕೆಲಸ ಮಾಡುತ್ತೆ ಅಂತ ಎಲ್ಲಾ ಗೊತ್ತು. ಬೇಕಾದ್ರೆ ಕೇಳಿ. ಉದ್ದಣ್ಣ ಹೇಳ್ತಾನೆ!"

ಎಲ್ಲರ ಕಣ್ಣೂ ಉದ್ದಣ್ಣನ ಕಡೆ ತಿರುಗಿತು. ಉದ್ದಣ್ಣ ಏಳಲಿಲ್ಲ.

"ಏಳೋ" ಎಂದಳು ಗುಂಗುರಿ, ಹಲ್ಲು ಕಚ್ಚಿಕೊಂಡು.

"ನಾನು ಹೇಳಲ್ಲ."

"ನಿಂಗೆ ಬರುತ್ತಲ್ಲೋ!"

"ಬರುತ್ತೆ. ಆದ್ರೂ ಹೇಳಲ್ಲ." ಉದ್ದಣ್ಣ ಈಗ ಅವಳ ಮುಖ ನೋಡಿದ. "ನೀನೇ ಹೇಳು. ನೀನು ಈ ಬೆಂಚಿನವಳಲ್ವಲ್ಲ."

ಗುಂಗುರಿ ಬೋರ್ಡಿನ ಕಡೆ ನೋಡಿದಳು. ಅವಳಿಗೆ ಎಂಟೂ ಗೊತ್ತಿತ್ತು. ಗಂಟಲಿನವರೆಗೆ ಬಂದು ನಿಂತಿದ್ದವು. ಹೇಳಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಅಪ್ಪನ ಮುಖ ಅರಳುತ್ತಿತ್ತು. ಆ ಬೆಂಚಿನಲ್ಲಿ ಜಾಣೆ ಒಬ್ಬಳೇ ಇದ್ದಾಳೆ ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು.

"ಹೇಳ್ತೀಯೇನಮ್ಮ?" ಎಂದರು ಮಿಸ್.

"ಇಲ್ಲ ಮಿಸ್" ಎಂದು ಅವಳು ಕೂತಳು. ಬೆಂಚು ತೂಗಿತು.

ಮುಂದಿನ ಬೆಂಚಿನಲ್ಲಿ ಯಾರೋ "ಎಲ್ಲಾ ಬರೀ ಬಾಯಿ" ಎಂದರು. ಆಟ ಮತ್ತೆ ಶುರುವಾಯಿತು. ಹುರ್ರಾವನ್ನು ಅಪ್ಪನೇ ಹೇಳಿದ, ಈ ಸಲ ಸ್ವಲ್ಪ ಮೆಲ್ಲಗೆ.

ಎಲ್ಲರೂ ಹೊರಟ ಮೇಲೆ ಮಿಸ್ ಬಾಗಿಲ ಹತ್ತಿರ ಅವಳನ್ನು ನಿಲ್ಲಿಸಿಕೊಂಡರು. ಅವರ ಮುಖದಲ್ಲಿ ಸಿಟ್ಟೂ ಇತ್ತು, ಇನ್ನೇನೋ ಇತ್ತು. "ನಿಮ್ಮಪ್ಪ ಪುಣ್ಯಾತ್ಮ, ನನ್ನ ಮಾನ ಉಳಿಸಿದ್ರು. ಸೋಮವಾರ ನೀನು ನಿನ್ನ ಬೆಂಚಿಗೆ ಹೋಗು. ಸಾರಿ ಬೇಡ."

"ಬೇಡ ಮಿಸ್" ಎಂದಳು ಗುಂಗುರಿ.

"ಏನು ಬೇಡ?"

"ಆ ಬೆಂಚು."

* * *

ಸೋಮವಾರ ಗುಂಗುರಿ ಬೇಗ ಬಂದಳು. ಉದ್ದಣ್ಣ ಅವಳಿಗಿಂತ ಬೇಗ ಬಂದಿದ್ದ. ಅವಳು ಕೂರುವ ಜಾಗದಲ್ಲಿ ಅವನ ಬ್ಯಾಗು ಕೂತಿತ್ತು.

"ಬ್ಯಾಗ್ ತೆಗಿ."

"ವರ್ಬ್ ಬೆಂಚು ಮುಂದಿದೆ."

ಗುಂಗುರಿಗೆ ಉತ್ತರ ಗೊತ್ತಿತ್ತು, ಜಗಳವಾಡುವ ಉತ್ತರ. ನಿನಗೋಸ್ಕರ ತಾನೇ ನಾನು ಬೈಸ್ಕೊಂಡಿದ್ದು, ಅದಕ್ಕೇ ತಾನೇ ಇಲ್ಲಿಗೆ ಬಂದಿದ್ದು! ಹೇಳಲು ಬಾಯಿ ತೆರೆದಳು. ಆಗ ಶನಿವಾರದ ಒಂದು ಮುಖ ನೆನಪಾಯಿತು. ಉದ್ದಣ್ಣನದಲ್ಲ, ಅವನ ಅಮ್ಮನದು. ನಿದ್ದೆಗೆಟ್ಟು ಬಂದು, ಮಗನ ಪಕ್ಕ ಕೂತು ನಗುತ್ತಿದ್ದ ಮುಖ. ಆ ನಗುವನ್ನು ಆರಿಸಿದ್ದು ಮಿಸ್ ಅಲ್ಲ, ಮುಂದಿನ ಬೆಂಚಿನವರೂ ಅಲ್ಲ.

"ದಡ್ಡರ ಬೆಂಚು ಅಂದೆ" ಎಂದಳು ಅವಳು. ದನಿ ಪಿಸುಮಾತಿಯದಕ್ಕಿಂತ ಸಣ್ಣಗಿತ್ತು. "ಅಂದುಬಿಟ್ಟೆ."

ಉದ್ದಣ್ಣ ಫ್ಯಾನ್ ನೋಡಿದ. ಎಷ್ಟೋ ಹೊತ್ತು ನೋಡಿದ. ಫ್ಯಾನ್ ಇನ್ನೂ ಹಾಕಿರಲಿಲ್ಲ. ಗುಂಗುರಿ ಬ್ಯಾಗ್ ಹೆಗಲಿಗೆ ಹಾಕಿಕೊಂಡೇ ನಿಂತಿದ್ದಳು. ಮಕ್ಕಳು ಒಬ್ಬೊಬ್ಬರಾಗಿ ಬಂದು ಕೂತರು. ಪಿಸುಮಾತಿ ಬಂದಳು. ಬೆಲ್ ಹೊಡೆಯಿತು. ಆಮೇಲೆ ಉದ್ದಣ್ಣ ಬ್ಯಾಗನ್ನು ಎತ್ತಿ ಕಾಲ ಹತ್ತಿರ ಇಟ್ಟುಕೊಂಡ.

ಮಿಸ್ ಒಳಗೆ ಬಂದವರೇ ವರ್ಬ್ ಬೆಂಚಿನಲ್ಲಿ ಖಾಲಿ ಜಾಗ ನೋಡಿದರು. ಕೊನೆಯ ಬೆಂಚಿನಲ್ಲಿ ಗುಂಗುರು ತಲೆ ನೋಡಿದರು. ಬೋರ್ಡಿನ ಹತ್ತಿರ ನಿಲ್ಲದೆ, ಚಾಕ್‌ಪೀಸ್ ಹಿಡಿದುಕೊಂಡು ನೇರವಾಗಿ ಹಿಂದಕ್ಕೆ ನಡೆದುಬಂದರು.

"ಈ ಬೆಂಚಿಗೆ ಇಡೀ ವಾಕ್ಯ ಬರುತ್ತೆ ಅಂತ ಮೊನ್ನೆ ಯಾರೋ ಸವಾಲು ಹಾಕಿದ್ರು. ನೋಡೇ ಬಿಡೋಣ. ಯಾರು ಹೇಳ್ತೀರಾ?"

ಗುಂಗುರಿ ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತಳು.

ಉದ್ದಣ್ಣ ಎದ್ದು ನಿಂತ. ಯಾರೂ ಅವನನ್ನು ಎಬ್ಬಿಸಿರಲಿಲ್ಲ.

"'ದ ಓಲ್ಡ್ ಮ್ಯಾನ್ ವಾಕ್ಸ್ ಸ್ಲೋಲಿ ಇನ್‌ಟು ದ ಶಾಪ್.' ಒಂದೊಂದಾಗಿ ಹೇಳು" ಎಂದರು ಮಿಸ್.

"ಓಲ್ಡ್, ಮ್ಯಾನ್ ಎಂಥವನು ಅಂತ ಹೇಳುತ್ತೆ. ಅಡ್ಜೆಕ್ಟಿವ್" ಎಂದ ಉದ್ದಣ್ಣ. "ಮ್ಯಾನ್, ನೌನ್. ವಾಕ್ಸ್, ವರ್ಬ್. ಸ್ಲೋಲಿ..."

ನಿಂತುಬಿಟ್ಟ. ಕತ್ತು ಓರೆಯಾಯಿತು. ಮೇಲೆ ಫ್ಯಾನ್ ತಿರುಗುತ್ತಿತ್ತು.

ನೌನ್ ಬೆಂಚಿನಿಂದ ಕೈಗಳು ಎದ್ದವು. "ಮಿಸ್, ನಾನು! ಮಿಸ್, ನಾನು!" ಪ್ರೊನೌನ್ ಬೆಂಚಿನಿಂದಲೂ ಎದ್ದವು. ಗುಂಗುರಿಯ ನಾಲಿಗೆಯ ತುದಿಯಲ್ಲಿ ಉತ್ತರ ಕುಣಿಯುತ್ತಿತ್ತು. ಅವಳು ತುಟಿ ಕಚ್ಚಿಕೊಂಡಳು. ಕೈಗಳು ತೊಡೆಯ ಕೆಳಗೆ ಜುಮ್ಮೆನ್ನುತ್ತಿದ್ದವು. ಸುಮ್ಮನಿರುವುದು ಇಷ್ಟು ಕಷ್ಟದ ಕೆಲಸ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

ಮಿಸ್ ಎದ್ದ ಕೈಗಳ ಕಡೆ ಒಮ್ಮೆ ತಿರುಗಿದರು.

"ನಂಗೆ ಗೊತ್ತು ಮಿಸ್" ಎಂದ ಉದ್ದಣ್ಣ, ಫ್ಯಾನಿನಿಂದ ಕಣ್ಣು ತೆಗೆಯದೆ. "ತಡೀರಿ."

ಕೈಗಳು ಒಂದೊಂದಾಗಿ ಕೆಳಗಿಳಿದವು. ಮಿಸ್ ಚಾಕ್‌ಪೀಸ್ ಹಿಡಿದು ನಿಂತರು. ಗುಂಗುರಿಯೂ ಎಲ್ಲರ ಜೊತೆ ಕಾದಳು.